ಕೊತ್ತಂಬರಿ ಕಟ್ಟಿನಂಥ ಕಾಡು

ಏಪ್ರಿಲ್ ರಜೆಗೆ ತಂಗಿಯ ಮಗಳು ನಮ್ಮನೆಗೆ ಬಂದಿದ್ದಳು. ಆರನೇ ಕ್ಲಾಸು ಮುಗಿಸಿದ ಹುಡುಗಿ, ಮನೆಮಂದಿಗೆಲ್ಲ ಪುಟ್ಟಿ. ಮಧ್ಯಾಹ್ನ ಊಟ ಮುಗಿದು ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ನನ್ನ ಕೋಣೆಗೆ ನುಗ್ಗಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದ ಕ್ಯಾನ್ವಾಸನ್ನು ತಿರುಗಿಸಿ ನೋಡಿದಳು. ಎಣ್ಣೆಬಣ್ಣದಲ್ಲಿ ಕಾಡು ಬರೆಯುವುದನ್ನು ಕಲಿಯಲೇಬೇಕೆಂದು ನಾನು ಐವತ್ತು ದಾಟಿದ ಮೇಲೆ ಹಟ ಹಿಡಿದಿದ್ದೆ. ಮೂರು ವಾರ ಕೂತು ಬರೆದ ಚಿತ್ರ ಅದು. ನಾಗರಹೊಳೆಯ ದಾರಿಯಲ್ಲಿ ಕಂಡ ಕಾಡು ಅಂತ ನನ್ನ ಲೆಕ್ಕ.

"ದೊಡ್ಡಮ್ಮ, ಇದೇನು, ಕೊತ್ತಂಬರಿ ಕಟ್ಟಾ?"

ಸಿಟ್ಟು ಬಂತು. ಆಮೇಲೆ ಚಿತ್ರವನ್ನು ಕಿಟಕಿ ಹತ್ತಿರ ತಂದು ಇಬ್ಬರೂ ನೋಡಿದೆವು. ಹುಡುಗಿ ಹೇಳಿದ್ದು ಸುಳ್ಳಲ್ಲ. ಒಂದೊಂದು ಎಲೆಯನ್ನೂ ಬಿಡದೆ ಬರೆದಿದ್ದೆ. ಹತ್ತಿರದ ಮರಕ್ಕೂ ದೂರದ ಮರಕ್ಕೂ ಟ್ಯೂಬಿನಿಂದ ಹಿಂಡಿದ ಒಂದೇ ಹಸಿರು. ದೇವರಾಜ ಮಾರ್ಕೆಟ್ಟಿನಲ್ಲಿ ನೀರು ಚಿಮುಕಿಸಿ ಜೋಡಿಸಿಟ್ಟ ಸೊಪ್ಪಿನ ಹಾಗೆ ಎಲ್ಲವೂ ತಾಜಾ, ಎಲ್ಲವೂ ಮೂಗಿನ ಮುಂದೆ. ಅಷ್ಟು ಎಲೆ ಬರೆದೂ ಅದು ಕಾಡಿನ ಹಾಗೆ ಯಾಕೆ ಕಾಣಲಿಲ್ಲ? ಆ ರಜೆಯೆಲ್ಲ ನಾವಿಬ್ಬರೂ ಈ ಪ್ರಶ್ನೆಯ ಬೆನ್ನು ಹತ್ತಿದೆವು.

ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಈಗ ಅರ್ಧ ಮೈಸೂರಿನ ವಾಕಿಂಗು ಅಲ್ಲೇ. ಏರಿಯ ಮೇಲೆ ನಿಂತು ಕೇಳಿದೆ: "ಆಚೆ ದಡದಲ್ಲಿ ಮರ ಕಾಣ್ತಿದೆಯಲ್ಲ, ಅದರಲ್ಲಿ ಒಂದು ಎಲೆ ತೋರಿಸು."

"ಮರದ ತುಂಬ ಎಲೆಯೇ ಇದೆಯಲ್ಲ ದೊಡ್ಡಮ್ಮ."

"ಒಂದೇ ಒಂದು ಎಲೆ. ತೊಟ್ಟು ಎಲ್ಲಿ, ತುದಿ ಎಲ್ಲಿ, ಹೇಳು."

ಕಣ್ಣು ಉಜ್ಜಿಕೊಂಡಳು, ಕೈಯನ್ನು ದುರ್ಬೀನಿನ ಹಾಗೆ ಮಡಿಸಿ ನೋಡಿದಳು. ಒಂದು ಎಲೆಯೂ ಸಿಗಲಿಲ್ಲ.

ನಮ್ಮ ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ಸಣ್ಣ ಸಣ್ಣ ಕೋಶಗಳಿವೆ. ಎಷ್ಟೇ ಒತ್ತೊತ್ತಾಗಿದ್ದರೂ ಅವಕ್ಕೊಂದು ಮಿತಿ ಇದೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿ. ಅದರಲ್ಲಿ ಒಂದು ಪಾಲಿಗಿಂತ ಕಿರಿದಾಗಿ ಕಾಣುವ ವಸ್ತುಗಳನ್ನು ಒಳ್ಳೆಯ ಕಣ್ಣೂ ಬಿಡಿಸಿ ನೋಡಲಾರದು. ಇದನ್ನೇ ಮೀಟರಿನ ಲೆಕ್ಕಕ್ಕೆ ತರುವುದು ಸುಲಭ: ವಸ್ತುವಿನ ಅಗಲವನ್ನು ಸುಮಾರು 3,400ರಿಂದ ಗುಣಿಸಿ. ಮಾವಿನೆಲೆ 5 ಸೆಂಟಿಮೀಟರ್ ಅಗಲ ಇದ್ದರೆ 170 ಮೀಟರ್. ಅದಕ್ಕಿಂತ ದೂರ ಹೋದರೆ ಆ ಎಲೆ ಪಕ್ಕದ ಎಲೆಯ ಜೊತೆ ಕಲೆಸಿಹೋಗುತ್ತದೆ. ಮರದ ತುಂಬ ಎಲೆ ಇದೆ ಎಂದು ಪುಟ್ಟಿಗೆ ಹೇಳಿದ್ದು ಕಣ್ಣಲ್ಲ, ಮಿದುಳು. ಮರ ಅಂದಮೇಲೆ ಎಲೆ ಇರಲೇಬೇಕಲ್ಲ ಅಂತ ತಾನೇ ತುಂಬಿಕೊಂಡಿತು. ಚಿತ್ರ ಬರೆಯುವಾಗ ನಾನೂ ಆ ಮಿದುಳಿನ ಮಾತು ಕೇಳಿ ಕೆಟ್ಟಿದ್ದೆ. ಅರ್ಧ ಕಿಲೋಮೀಟರ್ ಆಚೆಯ ಮರಕ್ಕೂ ಎಲೆ ಪೋಣಿಸಿದ್ದೆ.

"ಹಾಗಾದ್ರೆ ಅಲ್ಲಿ ಕಾಣ್ತಿರೋದು ಏನು?"

"ಕಣ್ಣು ಕಿರಿದು ಮಾಡಿ ನೋಡು."

ನೀವೂ ಮಾಡಿ ನೋಡಿ. ರೆಪ್ಪೆ ಅರ್ಧ ಮುಚ್ಚಿದರೆ ಬೆಳಕು ಕಡಿಮೆಯಾಗುತ್ತದೆ, ಚಿಕ್ಕಪುಟ್ಟದ್ದೆಲ್ಲ ಮಸುಕಾಗುತ್ತದೆ, ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಆಚೆ ದಡದ ಮರ ಇಡ್ಲಿಗಳನ್ನು ಓರೆಕೋರೆಯಾಗಿ ಪೇರಿಸಿಟ್ಟ ಹಾಗಿತ್ತು. ಪ್ರತಿ ಇಡ್ಲಿಯ ನೆತ್ತಿಗೆ ಬೆಳಕು, ಹೊಟ್ಟೆಯಡಿ ಕತ್ತಲು, ನಡುನಡುವೆ ಆಕಾಶ ಇಣುಕುವ ಕಿಂಡಿ. ಒಟ್ಟು ಏಳು ಗುಪ್ಪೆ. ಪುಟ್ಟಿ ನೋಟ್‌ಬುಕ್ಕಿನಲ್ಲಿ ಏಳು ಗುಪ್ಪೆ ಗೀಚಿ ಕೆಳಗೊಂದು ಕಾಂಡ ಎಳೆದಳು. ಅರ್ಧ ನಿಮಿಷದ ಕೆಲಸ. ನನ್ನ ಮೂರು ವಾರದ ಚಿತ್ರಕ್ಕಿಂತ ಅದು ಹೆಚ್ಚು ಮರದ ಹಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಇಂಥ ಚಿತ್ರಕ್ಕೆ ದೊಡ್ಡವರು ಶೈಲೀಕೃತ ಚಿತ್ರ ಅನ್ನುತ್ತಾರೆ. ಹೆಸರು ಭಾರ, ಕೆಲಸ ನಮಗೆಲ್ಲ ಗೊತ್ತಿರುವುದೇ. ಬಾಗಿಲ ಮುಂದೆ ಚುಕ್ಕಿ ಇಟ್ಟು ತಾವರೆ ರಂಗೋಲಿ ಹಾಕುವಾಗ ಯಾರೂ ದಳದ ನರ ಬರೆಯುವುದಿಲ್ಲ, ಆದರೂ ಅದು ತಾವರೆಯೇ. ಸೋಮನಾಥಪುರದ ದೇವಸ್ಥಾನಕ್ಕೆ ಹೋದಾಗ ಗೋಡೆಯ ಮೂರ್ತಿಗಳ ತಲೆಯ ಮೇಲಿನ ಎಲೆಬಳ್ಳಿಯ ಕಮಾನು ನೋಡಿ. ಹದಿಮೂರನೇ ಶತಮಾನದ ಗುಡಿ ಅದು. ಆ ಎಲೆ ಸುರುಳಿಗಳು ಯಾವ ಗಿಡದವೆಂದು ಹೇಳಲಾಗದು, ಆದರೆ ಮೂರ್ತಿ ನೆರಳಿನಲ್ಲಿ ನಿಂತಿದೆ ಎಂದು ನೋಡಿದೊಡನೆ ತಿಳಿಯುತ್ತದೆ. ಶಿಲ್ಪಿ ಬಿಟ್ಟದ್ದು ಬಹಳ, ಉಳಿಸಿಕೊಂಡದ್ದು ಸ್ವಲ್ಪ. ಯಾವುದನ್ನು ಬಿಡಬೇಕೆಂಬ ಕಸುಬಿನಲ್ಲಿ ನಮ್ಮ ಕಣ್ಣು ಅವನಿಗಿಂತ ಹಳೆಯ ಕೈ.

ಆದರೆ ಏನನ್ನು ಬೇಕಾದರೂ ಬಿಡಬಹುದು ಅಂತಲ್ಲ. ಕೊಂಬೆಗಳ ವಿಷಯದಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದ್ದೆ. ನನ್ನ ಮರಗಳ ಕಾಂಡ ಎಷ್ಟು ದಪ್ಪವೋ ಕೊಂಬೆಗಳೂ ಅಷ್ಟೇ ದಪ್ಪ. ತ್ರಿಶೂಲ ನೆಟ್ಟ ಹಾಗೆ. ಐದುನೂರು ವರ್ಷಗಳ ಹಿಂದೆ ಇಟಲಿಯ ಲಿಯೊನಾರ್ಡೊ ಡಾ ವಿಂಚಿ ಇದರ ಬಗ್ಗೆ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ: ಯಾವುದೇ ಎತ್ತರದಲ್ಲಿ ಕೊಂಬೆಗಳನ್ನೆಲ್ಲ ಒಟ್ಟು ಸೇರಿಸಿದರೆ ಕಾಂಡದಷ್ಟೇ ದಪ್ಪವಾಗುತ್ತದೆ ಎಂದು. ನಿಜವೋ ಏನೋ ನೋಡೋಣವೆಂದು ಮನೆಯ ಹಿಂದಿನ ಹೊಂಗೆ ಮರಕ್ಕೆ ದಾರ ಸುತ್ತಿದೆವು. ಕವಲಿನ ಕೆಳಗೆ ಕಾಂಡದ ಸುತ್ತಳತೆ 96 ಸೆಂಟಿಮೀಟರ್. ಕವಲಿನ ಮೇಲೆ ಒಂದು ಕೊಂಬೆ 74, ಇನ್ನೊಂದು 58.

"74ಕ್ಕೆ 58 ಕೂಡಿದ್ರೆ 132 ಆಗತ್ತೆ. ಲಿಯೊನಾರ್ಡೊ ತಪ್ಪು," ಅಂದಳು.

ತಪ್ಪಲ್ಲ. ಕೂಡಬೇಕಾದ್ದು ಸುತ್ತಳತೆಯನ್ನಲ್ಲ, ಕೊಂಬೆಯನ್ನು ಅಡ್ಡ ಕೊಯ್ದರೆ ಕಾಣುವ ದುಂಡನೆಯ ಮುಖಗಳನ್ನು. ಅದಕ್ಕೆ ಸುತ್ತಳತೆಯ ವರ್ಗ ತೆಗೆದುಕೊಳ್ಳಬೇಕು. 74ರ ವರ್ಗ 5,476, 58ರ ವರ್ಗ 3,364, ಕೂಡಿದರೆ 8,840. ಅದು ಹತ್ತಿರ ಹತ್ತಿರ 94ರ ವರ್ಗ. ನಮ್ಮ ಮರ 96. ದಾರ ಹಿಡಿದವಳಿಗೆ ಇರುವೆ ಕಚ್ಚಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ಸೆಂಟಿಮೀಟರ್ ಮಾಫಿ ಮಾಡಬಹುದು. ಎಲ್ಲ ಮರಗಳೂ ಈ ನಿಯಮವನ್ನು ಅಕ್ಷರಶಃ ಪಾಲಿಸುವುದಿಲ್ಲ. ಚಿತ್ರ ಬರೆಯುವವರಿಗೆ ಇಷ್ಟು ಸಾಕು. ಕವಲೊಡೆದ ಕಡೆಯೆಲ್ಲ ಕೊಂಬೆ ತೆಳುವಾಗುತ್ತ ಹೋಗಬೇಕು. ಅಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟರೂ ಮರ ಮರವಾಗಿಯೇ ಇರುತ್ತದೆ.

ಇನ್ನು ಆ ಒಂದೇ ಹಸಿರಿನ ಕತೆ.

ಒಂದು ಸಂಜೆ ಜೋರು ಮಳೆ ಬಂದು ಗಾಳಿಯ ಧೂಳೆಲ್ಲ ತೊಳೆದುಹೋಗಿತ್ತು. ಮಾರನೆ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋದೆವು. ಮದುವೆ ಕರೆಯೋಲೆಯ ಬಿಳಿ ರಟ್ಟಿನಲ್ಲಿ ಪೆನ್ಸಿಲ್ ತೂರುವಷ್ಟು ತೂತು ಮಾಡಿ ಪುಟ್ಟಿಯ ಕೈಗೆ ಕೊಟ್ಟಿದ್ದೆ. ನಂಜನಗೂಡಿನ ಕಡೆಗೆ ಮುಖ ಮಾಡಿ ನಿಂತೆವು. ಪಕ್ಕದಲ್ಲೇ ಬೆಟ್ಟದ ಪೊದೆಗಳು, ಕೆಳಗೆ ತೋಟದ ಸಾಲು, ಅದರಾಚೆ ಹೊಲ, ತೀರಾ ಹಿಂದೆ ದಿಗಂತದಲ್ಲಿ ಬೆಟ್ಟಗಳ ಗೆರೆ.

"ತೂತಿನಲ್ಲಿ ದೂರದ ಬೆಟ್ಟವನ್ನು ಮಾತ್ರ ನೋಡು. ಏನು ಬಣ್ಣ?"

"ಹಸಿರು... ಅಲ್ಲ. ಅಯ್ಯೋ, ನೀಲಿ! ಬೂದಿ ಥರ ನೀಲಿ."

ರಟ್ಟು ತೆಗೆದರೆ ಮತ್ತೆ ಹಸಿರು ಅನ್ನಿಸುತ್ತದೆ. ಬೆಟ್ಟದ ಮೇಲೆ ಕಾಡಿದೆ, ಕಾಡು ಹಸಿರು ಎಂದು ಮಿದುಳು ಮತ್ತೆ ಬಾಯಿ ಹಾಕುತ್ತದೆ. ರಟ್ಟಿನ ತೂತು ಸುತ್ತಲಿನದನ್ನೆಲ್ಲ ಮುಚ್ಚಿ ಬರೀ ಬಣ್ಣವನ್ನು ಬಿಡುವುದರಿಂದ ಅದರ ಬಾಯಿ ಮುಚ್ಚುತ್ತದೆ. ಎಂಟಾಣೆ ಖರ್ಚಿಲ್ಲದ ಉಪಕರಣ.

ದೂರದ ಬೆಟ್ಟ ನೀಲಿಯಾಗಲು ಕಾರಣ ನಡುವೆ ಇರುವ ಗಾಳಿ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ. ಗಾಳಿಯ ಅಣುಗಳು ಕೆಂಪನ್ನು ಬಹುಪಾಲು ಸುಮ್ಮನೆ ಹೋಗಲು ಬಿಡುತ್ತವೆ, ನೀಲಿಯನ್ನು ಮಾತ್ರ ದಿಕ್ಕುದಿಕ್ಕಿಗೆ ಎರಚುತ್ತವೆ. ಇಂಗ್ಲೆಂಡಿನ ವಿಜ್ಞಾನಿ ರಾಲೆ 1871ರಲ್ಲಿ ಇದರ ಲೆಕ್ಕ ಬಿಡಿಸಿದ. ಆಕಾಶ ನೀಲಿಯಾಗಿರುವುದೂ ಹೀಗೆಯೇ. ನಮಗೂ ಬೆಟ್ಟಕ್ಕೂ ನಡುವೆ ಹತ್ತಾರು ಕಿಲೋಮೀಟರ್ ಗಾಳಿ ಇದ್ದರೆ, ಬೆಟ್ಟದ ಮುಂದೆ ಒಂದು ತೆಳು ಆಕಾಶವನ್ನೇ ಪರದೆಯಾಗಿ ಇಳಿಬಿಟ್ಟ ಹಾಗೆ. ನೀಲಗಿರಿಗೆ ಹೆಸರಿಟ್ಟವರು ಅದನ್ನು ದೂರದಿಂದ ನೋಡಿರಬೇಕು.

ಗಾಳಿಯ ಜೊತೆ ಕಾಡಿನದ್ದೂ ಒಂದು ಕೈವಾಡ ಇದೆ. ಬಿಸಿಲಿನಲ್ಲಿ ಮರಗಳ ಎಲೆಗಳು ಟರ್ಪೀನ್ ಮುಂತಾದ ಆವಿಗಳನ್ನು ಹೊರಬಿಡುತ್ತವೆ. ಅವು ಗಾಳಿಯಲ್ಲಿ ಬದಲಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಬೆಳಕನ್ನು ಚೆದುರಿಸುತ್ತವೆ. ಕಾಡಿನ ಮೇಲಿನ ನೀಲಿ ಮಬ್ಬಿಗೆ ಇದೇ ಕಾರಣ ಇರಬಹುದೆಂದು ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ 1960ರಲ್ಲಿ ಹೇಳಿದ. ಟರ್ಪೀನ್ ಎಂಬ ಹೆಸರು ಎಲ್ಲೋ ಕೇಳಿದ ಹಾಗಿದೆಯೆ? ಎಣ್ಣೆಬಣ್ಣ ತೆಳು ಮಾಡಲು ಬಳಸುವ ಟರ್ಪೆಂಟೈನ್ ಇದೇ ಬಳಗದ್ದು. ಪೈನ್ ಮರದ ಅಂಟನ್ನು ಭಟ್ಟಿಯಿಳಿಸಿ ತೆಗೆಯುತ್ತಾರೆ. ನೆಗಡಿಯಾದಾಗ ಕರವಸ್ತ್ರಕ್ಕೆ ಹಾಕಿ ಮೂಸುವ ನೀಲಗಿರಿ ಎಣ್ಣೆಯೂ ಇವುಗಳ ನೆಂಟ. ನಾನು ನೀಲಿ ಬೆಟ್ಟ ಬರೆಯಲು ಕುಂಚ ಅದ್ದುವ ದ್ರವಕ್ಕೂ ಬೆಟ್ಟವನ್ನು ನೀಲಿ ಮಾಡುವ ಮರದ ಉಸಿರಿಗೂ ಹೀಗೊಂದು ನಂಟು. ಇದು ತಿಳಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಬೆಟ್ಟದಿಂದ ಇಳಿಯುವಾಗ ಪುಟ್ಟಿ ರಟ್ಟು ಬಿಡಲಿಲ್ಲ. ಒಂದೇ ಎಲೆಯಲ್ಲಿ ಮೂರು ಹಸಿರು ಹಿಡಿದಳು. ಎಲೆಯ ನುಣುಪು ಬೆನ್ನಿಗೆ ಆಕಾಶ ಹೊಳೆದಾಗ ಅದು ನೀಲಿ ಕಲೆತ ಬಿಳಿ. ಅದೇ ಎಲೆಯನ್ನು ಸೂರ್ಯನಿಗೆ ಅಡ್ಡ ಹಿಡಿದು ಕೆಳಗಿನಿಂದ ನೋಡಿದರೆ ನಿಂಬೆಹಣ್ಣಿನ ಹಳದಿ ಹಸಿರು. ಬೆಳಕು ಎಲೆಯೊಳಗಿಂದ ಹಾದು ಬರುವಾಗ ಅಲ್ಲಿನ ಹರಿತ್ತು ನೀಲಿಯನ್ನೂ ಕೆಂಪನ್ನೂ ನುಂಗಿ ಉಳಿದದ್ದನ್ನು ಕಳಿಸುತ್ತದೆ. ನೆರಳಿಗೆ ಸರಿಸಿದರೆ ಕಪ್ಪು ಹಸಿರು. ಹೊಂಗೆಯ ಚಿಗುರಂತೂ ತಾಮ್ರ. ನನ್ನ ಟ್ಯೂಬಿನ ಮೇಲೆ "ಹಸಿರು" ಅಂತ ಒಂದೇ ಹೆಸರು ಬರೆದಿತ್ತು.

ಆ ಟ್ಯೂಬನ್ನು ಡ್ರಾಯರಿಗೆ ಹಾಕಿ ನಾವೇ ಹಸಿರು ಕಲೆಸಲು ಕೂತೆವು. ನೀಲಿಗೆ ಹಳದಿ ಸೇರಿದರೆ ಹಸಿರು ಎಂಬುದು ನಿಮಗೆ ಗೊತ್ತು. ಯಾಕೆ ಎಂದರೆ, ನೀಲಿ ಬಣ್ಣ ಬೆಳಕಿನ ಕೆಂಪು ಕಡೆಯನ್ನು ತಿಂದುಹಾಕುತ್ತದೆ, ಹಳದಿ ಬಣ್ಣ ನೀಲಿ ಕಡೆಯನ್ನು ತಿಂದುಹಾಕುತ್ತದೆ. ಇಬ್ಬರೂ ತಿಂದು ತಟ್ಟೆಯಲ್ಲಿ ಬಿಟ್ಟದ್ದು ನಡುವಿನ ಹಸಿರು. ಮೂರನೆಯವನಾಗಿ ಕೆಂಪು ಬಂದು ಕೂತರೆ ಆ ಹಸಿರಿಗೂ ಬಾಯಿ ಹಾಕುತ್ತಾನೆ. ಜಾಸ್ತಿ ಬಂದರೆ ಕೆಸರು. ಚಿಟಿಕೆಯಷ್ಟು ಬಂದರೆ ಕಾಡಿಗೆ ಬೇಕಾದ ತಣ್ಣನೆಯ, ಮಾಗಿದ ಹಸಿರು. ಟ್ಯೂಬಿನ ಹಸಿರಿನಲ್ಲಿ ಇಲ್ಲದ್ದು ಆ ಚಿಟಿಕೆ ಕೆಂಪು.

ಬಣ್ಣಗಳ ಹಿನ್ನೆಲೆ ಹೇಳಿದರೆ ಪುಟ್ಟಿ ಕಣ್ಣರಳಿಸುತ್ತಿದ್ದಳು. ನಾವು ಬಳಸಿದ ಅಲ್ಟ್ರಾಮರೀನ್ ನೀಲಿ ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳ ಕಲ್ಲು ಅರೆದು ಮಾಡುತ್ತಿದ್ದ, ಚಿನ್ನಕ್ಕೆ ಸರಿತೂಗುವ ಬಣ್ಣ. 1828ರ ಹೊತ್ತಿಗೆ ಅದನ್ನು ಕಾರ್ಖಾನೆಯಲ್ಲಿ ಮಾಡುವುದು ಗೊತ್ತಾಯಿತು, ಅಗ್ಗವಾಯಿತು. ಎಷ್ಟು ಅಗ್ಗವೆಂದರೆ ಅಜ್ಜಿ ಬಿಳಿ ಪಂಚೆಗೆ ಹಾಕುವ ನೀಲಿ ಪುಡಿಯೂ ಅದೇ. ಹಳದಿ ಮಣ್ಣು, ಕೆಮ್ಮಣ್ಣು ಎರಡೂ ಕಬ್ಬಿಣದ ತುಕ್ಕಿನ ಜಾತಿ. ಹಳದಿ ಮಣ್ಣಿನೊಳಗೆ ನೀರು ಕಟ್ಟಿಕೊಂಡಿರುತ್ತದೆ. ಸುಟ್ಟರೆ ಆ ನೀರು ಹೋಗಿ ಮಣ್ಣು ಕೆಂಪಾಗುತ್ತದೆ. ಗೂಡಿನಿಂದ ಬರುವ ಹೆಂಚು, ಇಟ್ಟಿಗೆ ಕೆಂಪಾಗುವುದರ ಗುಟ್ಟೂ ಹೆಚ್ಚುಕಡಿಮೆ ಇದೇ. (ಬಣ್ಣದ ಪುಡಿಗಳನ್ನು ನೀವೇ ಅರೆಯಲು ಹೋಗಬೇಡಿ, ಕೆಲವು ಉಸಿರಿನಲ್ಲಿ ಹೋದರೆ ಕೆಟ್ಟದ್ದು. ಟ್ಯೂಬಿನ ಬಣ್ಣವನ್ನೂ ದೊಡ್ಡವರ ಎದುರಿಗೇ ಮುಟ್ಟಿ.)

ಅಂದಹಾಗೆ ಟ್ಯೂಬು ಬಂದದ್ದೇ 1841ರಲ್ಲಿ. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಗಾರ ತವರದ ಟ್ಯೂಬು ಕಂಡುಹಿಡಿದ. ಅದಕ್ಕೆ ಮುಂಚೆ ಕಲೆಸಿದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಅದನ್ನು ಹೊತ್ತುಕೊಂಡು ಕಾಡಿಗೆ ಹೋಗಿ ಚಿತ್ರ ಬರೆಯುವುದನ್ನು ನೆನೆಸಿಕೊಳ್ಳಿ.

ಇಷ್ಟಾದ ಮೇಲೆ ಪುಟ್ಟಿ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಬಣ್ಣಕ್ಕೆ ಎಣ್ಣೆ ಯಾಕೆ? ನೀರೇ ಆಗಲ್ವಾ?"

ಸಂಜೆ ಮೆಣಸಿನಕಾಯಿ ಬಜ್ಜಿ ತಂದಿದ್ದೆವು. ಕಟ್ಟಿಕೊಟ್ಟ ಪೇಪರಿನಲ್ಲಿ ಎಣ್ಣೆ ಹೀರಿದ ಕಡೆ ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ಒಣ ಪೇಪರಿನ ನಾರುಗಳ ನಡುವೆ ಗಾಳಿ ತುಂಬಿರುತ್ತದೆ. ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ಹಾಯುವಾಗೆಲ್ಲ ಬೆಳಕು ತಿರುಗಿಬಿದ್ದು ಚೆದುರಿ ಪೇಪರು ಬೆಳ್ಳಗೆ ಕಾಣುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ, ಎಣ್ಣೆಯೂ ನಾರೂ ಬೆಳಕನ್ನು ಬಾಗಿಸುವುದು ಹೆಚ್ಚುಕಡಿಮೆ ಒಂದೇ ಸಮ. ಬೆಳಕು ಚೆದುರದೆ ಒಳಕ್ಕೆ ಹೋಗುತ್ತದೆ. ಬಣ್ಣದ ಪುಡಿಗೂ ಹೀಗೆಯೇ. ಒಣ ಕೆಮ್ಮಣ್ಣು ಮಂಕು. ಎಣ್ಣೆಯಲ್ಲಿ ಕಲೆಸಿದರೆ ಬೆಳಕು ಕಣಗಳ ಆಳಕ್ಕಿಳಿದು ಬಣ್ಣ ತುಂಬಿಕೊಂಡು ಹೊರಬರುತ್ತದೆ, ಗಾಢವಾಗಿ ಕಾಣುತ್ತದೆ. ನೀರೂ ಇದೇ ಕೆಲಸ ಮಾಡುತ್ತದೆ, ಆದರೆ ಒಣಗಿ ಹಾರಿಹೋಗುತ್ತದೆ. ಎಣ್ಣೆ ಹಾರಿಹೋಗುವುದಿಲ್ಲ.

"ಹಾರಿಹೋಗಲ್ಲ ಅಂದ್ರೆ ಒಣಗೋದು ಹೇಗೆ?"

ಇದಕ್ಕೆ ಉತ್ತರ ನಾನು ಹೇಳಲಿಲ್ಲ. ಗಾಣದ ಎಣ್ಣೆ ಅಂಗಡಿಗೆ ಕರೆದುಕೊಂಡು ಹೋದೆ. ಅಗಸೆ ಎಣ್ಣೆ ತಂದೆವು. ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಚಿತ್ರಗಾರರ ಬಣ್ಣದಲ್ಲಿ ಇರುವುದು ಹೆಚ್ಚಾಗಿ ಇದರ ಎಣ್ಣೆಯೇ. ಮುರಿದ ಫೋಟೋ ಫ್ರೇಮಿನ ಗಾಜು ತೊಳೆದು ಕಿಟಕಿಯ ಮೇಲಿಟ್ಟು ಮೂರು ಹನಿ ಹಾಕಿ ಬೆರಳಿನಲ್ಲಿ ತೆಳ್ಳಗೆ ಸವರಿದೆವು: ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಅಗಸೆ ಎಣ್ಣೆ. ಪ್ರತಿಯೊಂದರ ಪಕ್ಕದಲ್ಲಿ ಸವರದೆ ಬಿಟ್ಟ ಒಂದೊಂದು ದಪ್ಪ ಹನಿ.

ಮೂರು ದಿನ ಏನೂ ಆಗಲಿಲ್ಲ. ಐದನೇ ದಿನ ಅಗಸೆ ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟಿತು. ಒಂಬತ್ತನೇ ದಿನ ಸವರಿದ ಕಡೆ ಬೆರಳು ಎಳೆದರೆ ಏನೂ ಹತ್ತಲಿಲ್ಲ; ಗಾಜಿಗೆ ಹಳದಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗಿತ್ತು. ದಪ್ಪ ಹನಿಯ ಮೇಲೆ ಹಾಲಿನ ಕೆನೆಯಂತೆ ಸುಕ್ಕುಸುಕ್ಕಾದ ಚರ್ಮ, ಕಡ್ಡಿಯಿಂದ ಚುಚ್ಚಿದರೆ ಒಳಗೆ ಇನ್ನೂ ಹಸಿ ಎಣ್ಣೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಹಾಕಿದ ದಿನದ ಹಾಗೆಯೇ ಜಿಡ್ಡುಜಿಡ್ಡು.

ಎಣ್ಣೆಯ ಅಣು ಎಂದರೆ ಉದ್ದುದ್ದ ಸರಪಳಿಗಳು. ಅಗಸೆ ಎಣ್ಣೆಯ ಸರಪಳಿಗಳಲ್ಲಿ ಹೆಚ್ಚಿನವಕ್ಕೆ ಎರಡು ಮೂರು ಕೊಕ್ಕೆಗಳಿರುತ್ತವೆ. ಗಾಳಿಯ ಆಮ್ಲಜನಕ ಬಂದು ಆ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತದೆ. ಸಾವಿರಾರು ಸರಪಳಿಗಳು ಹೆಣೆದುಕೊಂಡು ಬಲೆಯಾದರೆ ಅದೇ ಒಣಗಿದ ಬಣ್ಣ. ತೆಂಗಿನೆಣ್ಣೆಯ ಸರಪಳಿಗಳಲ್ಲಿ ಕೊಕ್ಕೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಹಿಡಿದುಕೊಳ್ಳಲು ಕೈಯೇ ಇಲ್ಲ. ಹಾಗಾಗಿ ಎಣ್ಣೆಬಣ್ಣ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ. ಬಟ್ಟೆ ಒಣಗಿದರೆ ಹಗುರ; ಈ ಎಣ್ಣೆ ಒಣಗುವಾಗ ಗಾಳಿಯಿಂದ ಆಮ್ಲಜನಕ ಎಳೆದುಕೊಂಡು ತೂಕ ಏರುತ್ತದೆ! ದೋಸೆ ಕಾವಲಿ ಪಳಗುವುದೂ ಹೀಗೆಯೇ. ಕಾದ ಕಬ್ಬಿಣದ ಮೇಲೆ ಎಣ್ಣೆ ಬಲೆ ಹೆಣೆದು ನುಣ್ಣನೆಯ ಕರಿ ಪದರವಾಗುತ್ತದೆ.

ಕೊಕ್ಕೆ ಸಿಕ್ಕಿಕೊಳ್ಳುವಾಗ ಬಿಸಿ ಹುಟ್ಟುತ್ತದೆ. ಕ್ಯಾನ್ವಾಸಿನ ಮೇಲೆ ಅದು ತಿಳಿಯುವುದಿಲ್ಲ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಒಳಗಿನ ಬಿಸಿ ಹೊರಗೆ ಹೋಗಲಾರದೆ ಏರುತ್ತ ಏರುತ್ತ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ನಮ್ಮ ಒರೆಸುವ ಬಟ್ಟೆಗಳನ್ನು ಬಕೆಟ್ ನೀರಿನಲ್ಲಿ ನೆನೆಸಿಡುವುದು ಪುಟ್ಟಿಯ ಕೆಲಸವಾಗಿತ್ತು. ದಿನವೂ ಅಗ್ನಿಶಾಮಕ ದಳದವಳ ಠೀವಿಯಲ್ಲಿ ಮಾಡುತ್ತಿದ್ದಳು.

ನಿಧಾನವಾಗಿ ಒಣಗುವುದೇ ಎಣ್ಣೆಬಣ್ಣದ ಬಲ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರ ನೀವು ನೋಡಿರಬಹುದು. ಹಲ್ದಂಕರ್ ಬರೆದದ್ದು. ಬಹಳ ಜನ ಅದನ್ನು ಎಣ್ಣೆಬಣ್ಣವೆಂದುಕೊಂಡಿದ್ದಾರೆ, ಅದು ಜಲವರ್ಣ. ನೀರು ಆರುವುದರೊಳಗೆ ತಪ್ಪಿಲ್ಲದೆ ಅಷ್ಟನ್ನು ಮಾಡಿದ ಕೈ ಎಂಥದ್ದಿರಬೇಕು! ನನ್ನಂಥವರಿಗೆ ಎಣ್ಣೆಯೇ ವಾಸಿ. ಇವತ್ತು ಬರೆದ ತಪ್ಪನ್ನು ನಾಳೆ ಬಟ್ಟೆಯಲ್ಲಿ ಒರೆಸಬಹುದು, ಎರಡು ಹಸಿರಿನ ಅಂಚನ್ನು ಮೆತ್ತಗೆ ಬೆಸೆಯಬಹುದು. ಅದೇ ಅರಮನೆಯ ಸಂಗ್ರಹದಲ್ಲಿ ಎಣ್ಣೆಚಿತ್ರಗಳಿರುವ ರವಿವರ್ಮ ಕೂಡ ಇದನ್ನು ಸುಲಭವಾಗಿ ಕಲಿತವನಲ್ಲ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಗಾರ ತಿರುವಾಂಕೂರಿನ ಅರಮನೆಗೆ ಬಂದಾಗ ರವಿವರ್ಮನಿಗೆ ಇಪ್ಪತ್ತು ವರ್ಷ. ಜೆನ್ಸನ್ ಹೇಳಿಕೊಡಲಿಲ್ಲ, ಪಕ್ಕದಲ್ಲಿ ನಿಂತು ನೋಡಲು ಬಿಟ್ಟ, ಅಷ್ಟೇ. ಮಿಕ್ಕಿದ್ದನ್ನು ಹುಡುಗ ತಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತ.

ಕೆಡಿಸಿದ್ದರಲ್ಲಿ ನಾನೂ ಹಿಂದೆ ಬಿದ್ದಿಲ್ಲ. ನನ್ನ ಮೊಟ್ಟ ಮೊದಲ ಚಿತ್ರ ಅಟ್ಟದ ಮೇಲಿತ್ತು, ಪುಟ್ಟಿ ಅದನ್ನೂ ಇಳಿಸಿದಳು. ಬಣ್ಣ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಕೆಳಗಿನ ಪದರಕ್ಕೆ ಎಣ್ಣೆ ಸುರಿದು, ಅದು ಒಣಗುವ ಮುಂಚೆ ಮೇಲಿನ ಪದರವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿ ಬಳಿದಿದ್ದೆ. ಮೇಲಿನದು ಬೇಗ ಗಟ್ಟಿಯಾಯಿತು. ಅಡಿಯಲ್ಲಿ ಎಣ್ಣೆ ಇನ್ನೂ ಹಿಗ್ಗುತ್ತ ಕುಗ್ಗುತ್ತ ಇತ್ತು. ಮೇಲಿನದು ಸೀಳದೆ ಇನ್ನೇನು ಮಾಡುತ್ತದೆ? ಅಡಿಗೆ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಎಣ್ಣೆ ಜಾಸ್ತಿ ಎಂಬ ನಿಯಮವನ್ನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಗಾಜಿನ ಮೇಲಿನ ಆ ಸುಕ್ಕು ಹನಿಯನ್ನು ಚುಚ್ಚಿದಾಗ.

ಹೊಸ ಕ್ಯಾನ್ವಾಸು ಕಟ್ಟಿದೆವು. ನಮ್ಮದು ಹತ್ತಿ ಬಟ್ಟೆ. ಹಿಂದಿನ ಚಿತ್ರಗಾರರು ಲಿನನ್ ಬಳಸುತ್ತಿದ್ದರು, ಅದು ಅಗಸೆ ಗಿಡದ ನಾರು. ಬಟ್ಟೆ ಅಗಸೆಯ ಕಾಂಡದಿಂದ, ಎಣ್ಣೆ ಅಗಸೆಯ ಬೀಜದಿಂದ! ಎಣ್ಣೆ ನೇರ ಬಟ್ಟೆಗೆ ತಾಗಿದರೆ ಕಾಲಕ್ರಮದಲ್ಲಿ ಬಟ್ಟೆ ಲಡ್ಡಾಗುತ್ತದೆ, ಅದಕ್ಕೇ ಮೊದಲು ಬಿಳಿ ಲೇಪ. ಅದು ಆರಿದ ಮೇಲೆ ಇದ್ದಿಲಿನಲ್ಲಿ ಗೆರೆ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಕೊಳವೆಯೊಳಗೆ ಗಾಳಿ ಸಾಲದೆ ಕಡ್ಡಿ ಉರಿದು ಬೂದಿಯಾಗುವ ಬದಲು ಇಂಗಾಲವಾಗಿ ಉಳಿಯುತ್ತದೆ. ನಮ್ಮ ಹಿತ್ತಲಿನಲ್ಲಿ ಹುಣಸೆ ಮರ ಇಲ್ಲ. ಅಂಗಡಿಯ ಇದ್ದಿಲು ತಂದೆವು.

ದೂರದಿಂದ ಹತ್ತಿರಕ್ಕೆ ಬಂದೆವು. ಮೊದಲು ಬೆಟ್ಟ: ಬಿಳಿ, ನೀಲಿ, ಸೂಜಿಮೊನೆಯಷ್ಟು ಕೆಮ್ಮಣ್ಣು, ತೆಳ್ಳಗೆ. ಎಲೆಯೂ ಇಲ್ಲ, ಮರವೂ ಇಲ್ಲ, ಬರೀ ಒಂದು ಗೆರೆ. ನಾಲ್ಕು ದಿನ ಬಿಟ್ಟು ನಡುವಿನ ಕಾಡು: ನೀಲಿಗೆ ಹಳದಿ ಮಣ್ಣು, ಇಡ್ಲಿ ಗುಪ್ಪೆಗಳು, ನೆತ್ತಿಗೆ ಬೆಳಕು. ಪುಟ್ಟಿ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು, "ಇಲ್ಲಿ ಬೆಟ್ಟ, ಕಾಡು ಎರಡೂ ಒಂದೇ ಬೂದಿ ಆಗಿದೆ ದೊಡ್ಡಮ್ಮ, ಕಾಡು ಇನ್ನೂ ಕಪ್ಪಾಗಬೇಕು" ಎಂದು ನನಗೇ ಪಾಠ ಹೇಳಿದಳು. ಕೊನೆಗೆ ಎದುರಿನ ಮೂರು ಮತ್ತಿ ಮರ. ಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಸೀಳಿರುತ್ತದೆ. ಅದನ್ನು ಪುಟ್ಟಿ ಕುಂಚದ ಹಿಂಬದಿಯಿಂದ ಹಸಿ ಬಣ್ಣದಲ್ಲೇ ಗೀರಿದಳು. ಎಲೆ ಬರೆದದ್ದು ಹನ್ನೊಂದೇ. ಬಿಸಿಲು ಹಾದುಬರುವ ಕೊಂಬೆಯೊಂದರಲ್ಲಿ, ನಿಂಬೆ ಹಳದಿಯಲ್ಲಿ, ದಪ್ಪಗೆ.

ವಾರ್ನಿಷ್ ಯಾವಾಗ ಎಂದು ಅವಳಿಗೆ ಆತುರ. ಬಣ್ಣ ಒಳಗಿನವರೆಗೂ ಆರಲು ಆರು ತಿಂಗಳಾದರೂ ಬೇಕು, ದಪ್ಪ ಇದ್ದರೆ ಒಂದು ವರ್ಷ. ವಾರ್ನಿಷ್ ಎಂದಾಗ ನಮ್ಮೂರಿನದೇ ಒಂದು ಕಾರ್ಖಾನೆಯ ನೆನಪಾಗುತ್ತದೆ. ಮುತ್ತುಗ, ಎಲಚಿ ಮರಗಳ ರಸ ಹೀರುವ ಒಂದು ಪುಟ್ಟ ಹುಳು ತನ್ನ ಮೈಸುತ್ತ ಅರಗಿನ ಗೂಡು ಕಟ್ಟಿಕೊಳ್ಳುತ್ತದೆ. ಕಾಡಿನ ಆ ಅರಗನ್ನು ಬಳಸಿಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಓಟು ಹಾಕಿದವರ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದ ಅಲ್ಲಿಂದಲೇ ಬರುತ್ತದೆ. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕು ಬಿದ್ದರೆ ಕಪ್ಪಾಗುತ್ತದೆ, ಚರ್ಮ ಉದುರುವವರೆಗೆ ಹೋಗುವುದಿಲ್ಲ. ಚಿತ್ರಗಳಿಗೆ ಈಗ ಬೇರೆ ಬಗೆಯ ವಾರ್ನಿಷ್ ಹಚ್ಚುತ್ತಾರೆ. ಕೆಲಸ ಮಾತ್ರ ಬಜ್ಜಿ ಪೇಪರಿನದೇ: ಬಣ್ಣದ ಮೇಲಿನ ಸಣ್ಣ ಒರಟುಗಳನ್ನು ತುಂಬಿ ಬೆಳಕನ್ನು ಚೆದುರಲು ಬಿಡದೆ ಒಳಗೆ ಕಳಿಸುವುದು.

ರಜೆ ಮುಗಿಯಿತು, ಚಿತ್ರ ಒಣಗಲಿಲ್ಲ. ಹಸಿ ಬಣ್ಣವನ್ನು ಬಸ್ಸಿನಲ್ಲಿ ಒಯ್ಯುವ ಹಾಗಿಲ್ಲ. ಪುಟ್ಟಿ ಮುಖ ಊದಿಸಿಕೊಂಡು ಊರಿಗೆ ಹೋದಳು. ಈಗ ದಿನಾ ರಾತ್ರಿ ಫೋನು.

"ಒಣಗಿತಾ?"

"ಬೆಟ್ಟ ಒಣಗಿದೆ. ಕಾಡು ಒಣಗಿದೆ. ನಿನ್ನ ಹನ್ನೊಂದು ಎಲೆ ಇನ್ನೂ ಮೆತ್ತಗಿವೆ."

"ಮತ್ತೆ ಗಾಜಿನ ಮೇಲಿನ ತೆಂಗಿನೆಣ್ಣೆ?"

"ಅದು ಹಾಗೇ ಇತ್ತು. ನಿನ್ನೆ ಅಜ್ಜಿ ಅದನ್ನು ಬೆರಳಲ್ಲಿ ಬಳಿದುಕೊಂಡು ಹೋಗಿ ಕಿರುಗುಟ್ಟುತ್ತಿದ್ದ ಬಾಗಿಲ ಕೀಲಿಗೆ ಹಚ್ಚಿದರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕಿಸಕ್ಕನೆ ನಗು. "ದೊಡ್ಡಮ್ಮ, ಅಜ್ಜಿ ಪಕ್ಕದಲ್ಲಿದ್ದ ಅಗಸೆ ಎಣ್ಣೆ ಹಚ್ಚಿದ್ದಿದ್ರೆ ಬಾಗಿಲು ಏನಾಗ್ತಿತ್ತು?"